ಅಂಗಡಿ ಈಗ ಮೊಬೈಲಿನೊಳಗೆ! ‘ರೀಚ್’, ‘ಕ್ಲಿಕ್’, ‘ಬೂಸ್ಟ್’ ಅಂದ್ರೇನು?

“ಮೇಡಂ, ನಿಮ್ಮ ಪೇಜಿಗೆ ಆರ್ಗ್ಯಾನಿಕ್ ರೀಚ್ ಸಾಲದು. ನಾವು ಎಸ್.ಇ.ಓ. ಮಾಡಿಕೊಡ್ತೀವಿ, ಸ್ವಲ್ಪ ಬೂಸ್ಟ್ ಹಾಕಿ, ಕನ್ವರ್ಷನ್ ತಾನಾಗಿ ಬರುತ್ತೆ. ತಿಂಗಳಿಗೆ ಇಷ್ಟೇ ಇಷ್ಟು!”

ಮನೆಯಲ್ಲೇ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಮಾಡಿ ಮಾರುವವರಿಗೆ, ರವಿಕೆಗೆ ಕಸೂತಿ ಹಾಕಿಕೊಡುವವರಿಗೆ, ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟವರಿಗೆ ಇಂಥದೊಂದು ಫೋನು ಬರುವುದು ಈಗ ದಿನನಿತ್ಯದ ಮಾತಾಗಿದೆ. ಫೋನಿನಲ್ಲಿರುವ ಹುಡುಗ ಬಲು ನಯವಾಗಿ ಮಾತಾಡುತ್ತಾನೆ. ಆದರೆ ಅವನಾಡುವ ಹತ್ತು ಮಾತಿನಲ್ಲಿ ಎಂಟು ನಮಗೆ ಅರ್ಥವಾಗುವುದಿಲ್ಲ. ಅರ್ಥವಾಗಲಿಲ್ಲ ಎನ್ನಲು ಸಂಕೋಚ. ‘ಹೂಂ’ ಅಂದುಬಿಟ್ಟರೆ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣ ಕರಗಲು ಶುರು!

ಹಿಂದೆ ಜಾಹೀರಾತು ಅಂದರೆ ಏನಿತ್ತು ಹೇಳಿ? ಗೋಡೆಯ ಮೇಲೆ ಸುಣ್ಣದ ಬರಹ, ಟೆಂಟ್ ಸಿನೆಮಾದಲ್ಲಿ ಇಂಟರ್‌ವಲ್ ಹೊತ್ತಿನ ಸ್ಲೈಡು, ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತುವ ಆಟೋ, ಅದರ ಹಿಂದೆ ಹಾಳೆ ಹಿಡಿಯಲು ಓಡುವ ಮಕ್ಕಳು. ಹಣ ಎಲ್ಲಿಗೆ ಹೋಯಿತೆಂದು ಕಣ್ಣಿಗೆ ಕಾಣುತ್ತಿತ್ತು. ಈಗಿನದು ಕಾಣುವುದಿಲ್ಲ, ಬರೀ ಲೆಕ್ಕದಲ್ಲಿರುತ್ತದೆ. ಆದ್ದರಿಂದಲೇ ಆ ಲೆಕ್ಕದ ಭಾಷೆ ನಾಲ್ಕಕ್ಷರವಾದರೂ ನಮಗೆ ತಿಳಿದಿರಬೇಕು. ಕಷ್ಟವೇನಿಲ್ಲ ಕಣ್ರೀ, ಹೋಳಿಗೆ ಕಣಕದ ಹದ ಬಲ್ಲವರಿಗೆ ಇದು ಯಾವ ಲೆಕ್ಕ!

ಕೂಗಿ ಮಾರುವುದು, ಕೇಳಿ ಬರುವುದು

ಅರಸೀಕೆರೆ ಜಂಕ್ಷನ್ನನ್ನು ನೆನೆಸಿಕೊಳ್ಳಿ. ಬೆಂಗಳೂರು-ಹುಬ್ಬಳ್ಳಿ ದಾರಿಯ ರೈಲು ಬಂದು ನಿಂತಿದೆ. ಕಿಟಕಿಯಿಂದ ಕಿಟಕಿಗೆ ಓಡುತ್ತ “ಬಿಸಿ ಬಿಸಿ ವಡೆ!” ಎಂದು ಕೂಗುವವನೊಬ್ಬ. ಒಳಗೆ ಕೂತವರಿಗೆ ಹಸಿವಿತ್ತೋ ಇಲ್ಲವೋ, ವಾಸನೆ ಮೂಗಿಗೆ ಬಡಿದ ಮೇಲೆ ಆಸೆಯಾಗಬಹುದು. ಅದೇ ಹೊತ್ತಿಗೆ ಹಾಸನದ ಕಡೆ ಹೋಗಬೇಕಾದ ಇನ್ನೊಬ್ಬರು ಇಳಿದು ಬಂದು, “ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ?” ಅಂತ ಕೇಳುತ್ತಾರೆ. ಮೊದಲನೆಯದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಬೀದಿ: ಸುಮ್ಮನೆ ಕೂತವರನ್ನು ಕೂಗಿ ಕರೆಯುವ ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್. ಎರಡನೆಯದು ಗೂಗಲ್‌ನ ಬೀದಿ: ಬೇಕು ಅಂತ ಕೇಳಿಕೊಂಡೇ ಬಂದವರಿಗೆ ಉತ್ತರ ಕೊಡುವ ಸರ್ಚ್ ಮಾರ್ಕೆಟಿಂಗ್. ನಿಮ್ಮ ಸರಕು ಯಾವ ಬೀದಿಯದು ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಂಡರೆ ಅರ್ಧ ಖರ್ಚು ಉಳಿದಂತೆ. ಬೇಲೂರಿನಲ್ಲಿ ಉಳಿದುಕೊಳ್ಳಲು ಕೋಣೆ ಬೇಕಾದವರು ಹುಡುಕಿಕೊಂಡೇ ಬರುತ್ತಾರೆ. ಹೊಸ ನಮೂನೆಯ ರವಿಕೆ ಕಸೂತಿಯನ್ನು ಯಾರೂ ಹುಡುಕುವುದಿಲ್ಲ, ಕಣ್ಣಿಗೆ ಬಿದ್ದರೆ ಮಾತ್ರ ಬೇಕೆನಿಸುತ್ತದೆ.

ಅರಸುವ ಮಾತು ಯಾವುದು?

ಅರಸೀಕೆರೆ ಅಂದರೆ ಅರಸಿಯ ಕೆರೆ, ರಾಣಿಯ ಕೆರೆ ಎಂಬ ಅರ್ಥ ನಮಗೆಲ್ಲ ಗೊತ್ತು. ಕನ್ನಡದಲ್ಲಿ ‘ಅರಸು’ ಎಂದರೆ ಹುಡುಕು ಅಂತಲೂ ಅರ್ಥವುಂಟಲ್ಲ, ನೋಡಿ ಹೇಗಿದೆ ತಮಾಷೆ! ಹುಡುಕುವವರು ಪೆಟ್ಟಿಗೆಯಲ್ಲಿ ಬೆರಳಚ್ಚು ಮಾಡುವ ಮಾತಿಗೆ ಕೀವರ್ಡ್ ಎನ್ನುತ್ತಾರೆ. ಮಾರುವವರಿಗೆ ಇದೇ ಬೀಗದ ಕೈ.

ಬೇಲೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಬ್ಬಾಕೆ ತನ್ನ ಮನೆಯ ಕೋಣೆಗಳ ಬಗ್ಗೆ ಬರೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಬರೀ ‘ಬೇಲೂರು’ ಅಂತ ಹಾಕಿದರು ಅನ್ನಿ. ಆದರೆ ಕೋಲ್ಕತ್ತದ ಬಳಿ ಹೂಗ್ಲಿ ನದಿಯ ದಡದಲ್ಲಿ ರಾಮಕೃಷ್ಣ ಮಠದ ಕೇಂದ್ರವಾದ ಬೇಲೂರು ಮಠವಿದೆಯಲ್ಲ! ಉತ್ತರದ ಕಡೆಯವರು ಆ ಹೆಸರು ಹುಡುಕಿದರೆ ಅವರ ಮನಸ್ಸಿನಲ್ಲಿರುವುದು ಅದೇ. ನಮ್ಮ ಚೆನ್ನಕೇಶವನ ಬೇಲೂರನ್ನು ಅರಸಿದವರಿಗೆ ಅದು ಸಿಗಬಹುದು, ಅಲ್ಲಿಗೆ ಹೊರಟವರಿಗೆ ಇಲ್ಲಿನ ಕೋಣೆ ಕಾಣಬಹುದು. ಇಬ್ಬರಿಗೂ ನಷ್ಟ. ‘ಹಾಸನ ಜಿಲ್ಲೆ ಬೇಲೂರು, ಚೆನ್ನಕೇಶವ ದೇವಸ್ಥಾನದ ಹತ್ತಿರ, ಮನೆ ಊಟದ ಜೊತೆ ಕೋಣೆ’ ಅಂತ ಉದ್ದವಾಗಿ ಬರೆದರೆ ತೊಡಕು ಹರಿಯಿತು. ಇಂಥ ಉದ್ದ ಮಾತಿಗೆ ಲಾಂಗ್ ಟೇಲ್ ಕೀವರ್ಡ್, ಅಂದರೆ ಉದ್ದ ಬಾಲದ ಮಾತು ಎಂಬ ಹೆಸರು. ಹೀಗೆ ಹುಡುಕುವವರು ಕಡಿಮೆ. ಆದರೆ ಹುಡುಕಿದವರು ಕೋಣೆ ಹಿಡಿಯಲೆಂದೇ ಹುಡುಕಿರುತ್ತಾರೆ.

ಹಳೇಬೀಡಿನದು ಇನ್ನೊಂದು ಪಾಡು. ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರನ್ನು ಬರೆಯುವವರು ಕಡೆಯ ‘ಡು’ವಿಗೆ ಒಬ್ಬೊಬ್ಬರು ಒಂದೊಂದು ಕಾಗುಣಿತ ಹಚ್ಚುತ್ತಾರೆ. ಕೆಲವರು ಆ ಅಕ್ಷರವನ್ನೇ ನುಂಗಿಬಿಡುತ್ತಾರೆ. ಗೂಗಲ್ ಜಾಣ, ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಆದರೂ ನಿಮ್ಮ ಬರಹದಲ್ಲಿ ಕನ್ನಡದ ಹೆಸರೂ ಇರಲಿ, ಇಂಗ್ಲಿಷಿನ ಎರಡು ರೂಪವೂ ಇರಲಿ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವಲ್ಲ, ಅಂದಿನಿಂದ ‘ವಿಶ್ವ ಪರಂಪರೆ’ ಎಂಬುದೂ ಒಂದು ಕೀವರ್ಡ್ ಆಯಿತು. ಪಾಪ, ಅರಸೀಕೆರೆಯ ಹೊಯ್ಸಳರ ಕಾಲದ ಈಶ್ವರ ದೇವಾಲಯ ಆ ಪಟ್ಟಿಯಲ್ಲಿಲ್ಲ. ಅದರ ನಕ್ಷತ್ರದಾಕಾರದ ಮುಂಮಂಟಪ ನೋಡದೆ ಎಷ್ಟೋ ಮಂದಿ ಜಂಕ್ಷನ್ನಿನಿಂದ ಹಾಗೇ ಮುಂದೆ ಹೋಗುತ್ತಾರೆ. ಅವರು ಹುಡುಕಿದ್ದು ಬೇರೆ ಹೆಸರು, ಅಷ್ಟೇ.

ಎಸ್.ಇ.ಓ. ಎಂಬ ಗುಮ್ಮ

ಸರ್ಚ್ ಎಂಜಿನ್ ಆಪ್ಟಿಮೈಸೇಷನ್. ಇಷ್ಟುದ್ದ ಹೆಸರು ಕೇಳಿದರೆ ಆಪರೇಷನ್ನೇ ಇರಬೇಕು ಅನ್ನಿಸುತ್ತೆ! ವಿಷಯ ಇಷ್ಟೆ: ದುಡ್ಡು ಕೊಡದೆ, ಹುಡುಕಿದವರ ಕಣ್ಣಿಗೆ ನಮ್ಮ ಪುಟ ಮೇಲೆ ಕಾಣುವ ಹಾಗೆ ಅಚ್ಚುಕಟ್ಟು ಮಾಡಿಡುವುದು. ಹೀಗೆ ದುಡ್ಡಿಲ್ಲದೆ ಬರುವ ಜನರನ್ನೇ ‘ಆರ್ಗ್ಯಾನಿಕ್’ ಎನ್ನುತ್ತಾರೆ. ಸಾವಯವ ಬೆಲ್ಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಗೂಗಲ್ ಕಂಪನಿ ಹುಟ್ಟಿದ್ದು 1998ರಲ್ಲಿ. ಅದನ್ನು ಕಟ್ಟಿದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳ ಉಪಾಯ ನಮ್ಮ ಹೆಂಗಸರಿಗೆ ಹೊಸದೇನಲ್ಲ. ಹೆಣ್ಣು ಕೊಡುವಾಗ ನಾವು ಏನು ಮಾಡ್ತೀವಿ? ನಾಲ್ಕು ಕಡೆ ವಿಚಾರಿಸುತ್ತೇವೆ. ‘ಒಳ್ಳೇ ಮನೆತನ’ ಅಂತ ಹತ್ತು ಜನ ಹೇಳಿದರೆ ನಂಬಿಕೆ ಬರುತ್ತದೆ. ಹೇಳಿದವರು ಸ್ವತಃ ಮರ್ಯಾದಸ್ಥರಾದರೆ ಅವರೊಬ್ಬರ ಮಾತೇ ಹತ್ತಕ್ಕೆ ಸಮ. ಹಾಗೆಯೇ ಒಂದು ಪುಟವನ್ನು ಬೇರೆ ಎಷ್ಟು ಪುಟಗಳು ತೋರಿಸುತ್ತಿವೆ, ತೋರಿಸುವವರಿಗೆ ಎಷ್ಟು ಬೆಲೆಯಿದೆ ಎಂಬುದರ ಮೇಲೆ ಅವರು ಪುಟಗಳಿಗೆ ಸ್ಥಾನ ಕೊಟ್ಟರು. ಹಾಗೆ ತೋರಿಸುವ ಕೊಂಡಿಯೇ ಬ್ಯಾಕ್‌ಲಿಂಕ್. ಈಗ ಇದೊಂದೇ ಅಲ್ಲ, ಇನ್ನೂ ಅನೇಕ ಸಂಗತಿಗಳನ್ನು ಅದು ನೋಡುತ್ತದೆ. ಅವೆಲ್ಲ ಕೂಡಿದ ಲೆಕ್ಕಾಚಾರಕ್ಕೇ ಅಲ್ಗಾರಿದಂ ಎನ್ನುವುದು. ಜನಗಣತಿಯವರ ಹಾಗೆ ಪುಟದಿಂದ ಪುಟಕ್ಕೆ ತಿರುಗಿ ಬರೆದುಕೊಳ್ಳುವ ಯಂತ್ರಕ್ಕೆ ಕ್ರಾಲರ್ ಎಂದು ಹೆಸರು.

ಈಗ ಮುಖ್ಯ ಮಾತು. “ಮೊದಲನೇ ಸ್ಥಾನ ಗ್ಯಾರಂಟಿ” ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಫೋನು ಇಟ್ಟುಬಿಡಿ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು ಎಂದು ಸ್ವತಃ ಗೂಗಲ್ಲೇ ಬರೆದು ತಿಳಿಸಿದೆ. ಹಾಗೆಯೇ, ಗೂಗಲ್ ನಕ್ಷೆಯಲ್ಲಿ ನಿಮ್ಮ ಅಂಗಡಿಯ ಹೆಸರು, ಫೋನು, ತೆರೆದಿರುವ ಹೊತ್ತು ಕಾಣುವಂತೆ ಮಾಡುವ ‘ಬಿಸಿನೆಸ್ ಪ್ರೊಫೈಲ್’ ಪೂರ್ತಿ ಉಚಿತ. ಅದಕ್ಕೇ ಸಾವಿರಗಟ್ಟಲೆ ಕೇಳುವವರಿದ್ದಾರೆ! ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಖಾತೆ ಮಾತ್ರ ನಿಮ್ಮ ಹೆಸರಿನಲ್ಲೇ, ನಿಮ್ಮ ಫೋನಿಗೇ ಇರಲಿ. ಬೇರೆಯವರ ಇಮೇಲಿನಲ್ಲಿ ಮಾಡಿಸಿಕೊಂಡರೆ ನಾಳೆ ಜಗಳವಾದಾಗ ನಿಮ್ಮ ಅಂಗಡಿಯ ಬೀಗದ ಕೈ ಅವರ ಸೊಂಟದಲ್ಲಿ.

ರಿವ್ಯೂ ಅಂದರೆ ಬಂದವರು ಬರೆದುಹೋಗುವ ಅಭಿಪ್ರಾಯ. ನಂಟರಿಷ್ಟರಿಂದೆಲ್ಲ ಐದೈದು ನಕ್ಷತ್ರ ಹಾಕಿಸುವ ಚಪಲ ಬೇಡ. ಸುಳ್ಳು ರಿವ್ಯೂ ಗೂಗಲ್ಲಿನ ನಿಯಮಕ್ಕೂ ವಿರುದ್ಧ. ‘ಉಪ್ಪು ಜಾಸ್ತಿಯಾಗಿತ್ತು’ ಅಂತ ಬರೆದವರಿಗೆ ನಯವಾಗಿ ಉತ್ತರ ಕೊಟ್ಟದ್ದನ್ನು ನೋಡಿಯೇ ಹೊಸಬರು ನಂಬುವುದುಂಟು.

ಕೊಬ್ಬರಿ ಟೆಂಡರಿನ ಹಾಗೆ

ದುಡ್ಡು ಕೊಟ್ಟು ಮೇಲೆ ನಿಲ್ಲುವ ದಾರಿಯೂ ಇದೆ. ಹುಡುಕಿದಾಗ ‘ಪ್ರಾಯೋಜಿತ’ ಅಂತ ಸಣ್ಣಕ್ಷರದ ಪಟ್ಟಿ ಹೊತ್ತು ಬರುತ್ತವಲ್ಲ, ಅವು. ಇದಕ್ಕೆ ಪೇ ಪರ್ ಕ್ಲಿಕ್ ಎನ್ನುತ್ತಾರೆ. ತೋರಿಸಿದ್ದಕ್ಕೆ ಕಾಸಿಲ್ಲ, ಯಾರಾದರೂ ಬೆರಳಿಟ್ಟು ಒತ್ತಿದರೆ ಮಾತ್ರ ಕಾಸು. 1998ರಲ್ಲಿ ಅಮೆರಿಕದ ಗೋಟು ಎಂಬ ಕಂಪನಿ ಹೀಗೆ ಕ್ಲಿಕ್ಕನ್ನು ಹರಾಜು ಹಾಕುವುದನ್ನು ಶುರು ಮಾಡಿತು. ಗೂಗಲ್ 2000ದಲ್ಲಿ ಆಡ್‌ವರ್ಡ್ಸ್ ಎಂಬ ಹೆಸರಿನಿಂದ ಜಾಹೀರಾತಿಗಿಳಿಯಿತು. ಅದೇ 2018ರಿಂದ ಗೂಗಲ್ ಆಡ್ಸ್.

ಹರಾಜು ಅಂದರೆ ಅರಸೀಕೆರೆಯವರಿಗೆ ವಿವರಿಸಬೇಕೆ? ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಟೆಂಡರ್ ಆಗುವುದನ್ನು ನೋಡಿದವರು ನೀವು. ಹೆಚ್ಚು ಬೆಲೆ ಕಟ್ಟಿದವರಿಗೆ ಮಾಲು. ಗೂಗಲ್ಲಿನಲ್ಲಿ ಒಂದು ವ್ಯತ್ಯಾಸ ಉಂಟು. ಬರೀ ಬೆಲೆ ಕೂಗಿದರೆ ಸಾಲದು, ನಿಮ್ಮ ಜಾಹೀರಾತು ಹುಡುಕಿದವರಿಗೆ ನಿಜಕ್ಕೂ ಹೊಂದುತ್ತದೆಯೇ, ಒತ್ತಿದ ಮೇಲೆ ತೆರೆಯುವ ಪುಟ ಸರಿಯಿದೆಯೇ ಎಂಬುದನ್ನೂ ಅಳೆಯುತ್ತಾರೆ. ಈ ಗುಣಕ್ಕೆ ಕ್ವಾಲಿಟಿ ಸ್ಕೋರ್ ಎಂಬ ಅಂಕವಿದೆ. ಚೆನ್ನಾಗಿದ್ದರೆ ಕಡಿಮೆ ಕೂಗಿದವರೂ ಮೇಲೆ ನಿಲ್ಲಬಹುದು. ಒತ್ತಿದವರು ಮೊದಲು ಬಂದಿಳಿಯುವ ಪುಟವೇ ಲ್ಯಾಂಡಿಂಗ್ ಪೇಜ್. ಅಲ್ಲಿ ಬೆಲೆ, ಫೋಟೋ, ಫೋನ್ ನಂಬರು ಇಲ್ಲದಿದ್ದರೆ ಬಂದವರು ಹಾಗೇ ವಾಪಸ್. ಕ್ಲಿಕ್ಕಿನ ಕಾಸು ಮಾತ್ರ ವಾಪಸಿಲ್ಲ.

ನಮ್ಮಂಥ ಅಡುಗೆಮನೆಯವರಿಗೆ ಬಲು ಉಪಯೋಗದ ಇನ್ನೊಂದು ಶಬ್ದ ನೆಗೆಟಿವ್ ಕೀವರ್ಡ್. ನೀವು ಚಟ್ನಿಪುಡಿ ಮಾರುತ್ತೀರಿ. ‘ಚಟ್ನಿಪುಡಿ ಮಾಡುವ ವಿಧಾನ’ ಅಂತ ಹುಡುಕಿದಾಕೆ ಕೊಳ್ಳಲು ಬಂದವಳಲ್ಲ, ಒರಳಿಗೆ ಹಾಕಲು ಬಂದವಳು! ಆಕೆ ಒತ್ತಿದರೂ ನಿಮ್ಮ ಕಾಸು ಹೋಗುತ್ತದೆ. ಆದ್ದರಿಂದ ‘ಮಾಡುವ ವಿಧಾನ’, ‘ರೆಸಿಪಿ’ ಎಂದು ಹುಡುಕಿದವರಿಗೆ ನಮ್ಮ ಜಾಹೀರಾತು ತೋರಿಸಬೇಡಿ ಎಂದು ಮೊದಲೇ ಹೇಳಿಡಬಹುದು. ಹಣ ಪಡೆದು ಕೆಲಸ ಮಾಡುತ್ತೇನೆನ್ನುವವರು ಈ ಪಟ್ಟಿ ಹಾಕಿದ್ದಾರೆಯೇ ಅಂತ ಕೇಳಿ ನೋಡಿ. ತಡವರಿಸಿದರೆ ಅವರ ವಿದ್ಯೆಯೂ ಗೊತ್ತಾಗುತ್ತದೆ.

ದಿನಕ್ಕೆ ಇಷ್ಟೇ ಎಂದು ಬಜೆಟ್ ಹಾಕಿದರೂ ಒಂದು ದಿನ ಅದರ ಎರಡರಷ್ಟರವರೆಗೆ ಖರ್ಚಾಗಬಹುದು, ತಿಂಗಳ ಒಟ್ಟು ಲೆಕ್ಕದಲ್ಲಿ ಸರಿದೂಗಿಸುತ್ತಾರೆ. ಇದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. ಬೇರೆ.

ಐನೂರು ರೂಪಾಯಿಯ ಬೂಸ್ಟು

ಈಗ ಕೂಗಿ ಮಾರುವ ಬೀದಿಗೆ ಬರೋಣ. ಪೇಜಿನಲ್ಲಿ ಹಾಕಿದ ಒಂದು ಚಿತ್ರವನ್ನು ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸುವುದೇ ಬೂಸ್ಟ್. ಒಂದು ಲೆಕ್ಕ ಮಾಡಿ ನೋಡೋಣ, ಅಂಕಿಗಳು ಬರೀ ಉದಾಹರಣೆಗೆ. ಅರಸೀಕೆರೆಯ ಗೃಹಿಣಿಯೊಬ್ಬರು ಕೊಬ್ಬರಿ ಮಿಠಾಯಿ ಡಬ್ಬಿಯ ಚಿತ್ರಕ್ಕೆ, ತೆರಿಗೆ ಬಿಟ್ಟು, 500 ರೂಪಾಯಿ ಹಾಕಿದರು ಅನ್ನಿ. ಅದು 10,000 ಸಲ ಪರದೆಗಳ ಮೇಲೆ ಕಾಣಿಸಿತು. ಇದು ಇಂಪ್ರೆಷನ್. ಒಬ್ಬರೇ ಎರಡು ಮೂರು ಸಲ ನೋಡಿರುತ್ತಾರಲ್ಲ, ತಲೆ ಎಣಿಸಿದರೆ 6,000 ಮಂದಿ. ಇದು ರೀಚ್. ಜಾತ್ರೆಯಲ್ಲಿ ಅಂಗಡಿ ಮುಂದೆ ಎಷ್ಟು ಸಲ ಜನ ಹಾದರು, ಎಷ್ಟು ಬೇರೆ ಬೇರೆ ಮುಖಗಳು ಹಾದವು ಎನ್ನುವಷ್ಟೇ ವ್ಯತ್ಯಾಸ. ಸಾವಿರ ಸಲ ತೋರಿಸಲು ಬಿದ್ದ ಖರ್ಚು 50 ರೂಪಾಯಿ, ಇದಕ್ಕೆ ಸಿ.ಪಿ.ಎಂ. ಎನ್ನುತ್ತಾರೆ. 120 ಜನ ಒತ್ತಿ ನೋಡಿದರು. ನೂರು ಸಲ ತೋರಿಸಿದರೆ 1.2 ಕ್ಲಿಕ್ ಆದಂತಾಯಿತು, ಅದು ಸಿ.ಟಿ.ಆರ್. ಒಂದು ಕ್ಲಿಕ್ಕಿಗೆ ನಾಲ್ಕು ರೂಪಾಯಿ ಚಿಲ್ಲರೆ ಬಿತ್ತು, ಅದು ಸಿ.ಪಿ.ಸಿ. ಕೊನೆಗೆ ಆರು ಜನ 250 ರೂಪಾಯಿಯ ಡಬ್ಬಿ ಕೊಂಡರು. ಕ್ಲಿಕ್ ಮಾಡಿದ ನೂರಕ್ಕೆ ಐವರು. ಇದೇ ಕನ್ವರ್ಷನ್.

ಏಜೆನ್ಸಿಯ ಹುಡುಗ ಏನೆನ್ನುತ್ತಾನೆ ಗೊತ್ತೆ? “500 ಹಾಕಿದಿರಿ, 1,500 ವ್ಯಾಪಾರ ಆಯ್ತು. ರೋವಾಸ್ ಮೂರು ಮೇಡಂ, ಸೂಪರ್!” ಜಾಹೀರಾತಿನ ಖರ್ಚಿಗೆ ಎಷ್ಟು ಪಟ್ಟು ಮಾರಾಟವಾಯಿತೆನ್ನುವುದು ರೋವಾಸ್. ಆದರೆ ಕೊಬ್ಬರಿ, ಸಕ್ಕರೆ, ಗ್ಯಾಸು, ಡಬ್ಬಿ, ಕೊರಿಯರ್ ಎಲ್ಲ ಕಳೆದು ಡಬ್ಬಿಗೆ ಉಳಿಯುವುದು 60 ರೂಪಾಯಿ ಅಂದುಕೊಳ್ಳಿ. ಆರು ಡಬ್ಬಿಗೆ 360. ಬೂಸ್ಟಿಗೆ ಹೋದದ್ದು 500. ಮೂರು ಪಟ್ಟು ವ್ಯಾಪಾರದ ಸೂಪರ್ ಸುದ್ದಿಯೊಳಗೆ 140 ರೂಪಾಯಿ ನಷ್ಟ ಕೂತಿದೆ! ಆಕೆಯ ಕೈಚಳಕ, ಮೈಕೈ ನೋವಿಗೆ ಬೆಲೆ ಕಟ್ಟಿಯೇ ಇಲ್ಲ. ಹಾಗಂತ ಬೂಸ್ಟೇ ಬೇಡವೆಂದಲ್ಲ. ಆರು ಜನರಲ್ಲಿ ಮೂವರು ಮುಂದಿನ ತಿಂಗಳು ಜಾಹೀರಾತಿಲ್ಲದೆ ತಾವಾಗಿ ಮತ್ತೆ ತರಿಸಿಕೊಂಡರೆ ಲೆಕ್ಕ ತಿರುಗಿಬಿಡುತ್ತದೆ. ಆದ್ದರಿಂದ ಲೈಕು ಎಷ್ಟು ಬಂತೆನ್ನುವುದಕ್ಕಿಂತ ಮರಳಿ ಬಂದವರು ಎಷ್ಟು ಎನ್ನುವುದನ್ನೇ ನಾನಾದರೆ ನೋಡುತ್ತೇನೆ.

ಲೈಕು, ಕಾಮೆಂಟು, ಶೇರು ಎಲ್ಲ ಸೇರಿದರೆ ಎಂಗೇಜ್‌ಮೆಂಟ್. (ಉಂಗುರ ಬದಲಾಯಿಸುವ ಎಂಗೇಜ್‌ಮೆಂಟ್ ಅಲ್ಲ!) ಹ್ಯಾಷ್‌ಟ್ಯಾಗ್ ಎಂಬುದು ಮಾತಿನ ಹಿಂದೆ ಹಾಕುವ ಜಾಲರಿ ಗುರುತು, ಒಂದೇ ವಿಷಯದವನ್ನೆಲ್ಲ ಒಂದು ದಾರಕ್ಕೆ ಪೋಣಿಸುತ್ತದೆ. 2007ರಲ್ಲಿ ಟ್ವಿಟರಿನಲ್ಲಿ ಇದರ ಸಲಹೆ ಕೊಟ್ಟವರು ಕ್ರಿಸ್ ಮೆಸ್ಸಿನಾ. ಮೂವತ್ತು ಹ್ಯಾಷ್‌ಟ್ಯಾಗ್ ತುರುಕಿದರೆ ಒಗ್ಗರಣೆಗೆ ಡಬ್ಬಿಯಲ್ಲಿದ್ದದ್ದನ್ನೆಲ್ಲ ಸುರಿದ ಹಾಗೆ, ರುಚಿ ಕೆಡುತ್ತದಷ್ಟೆ. ಫಾಲೋಯರ್‌ಗಳನ್ನು ದುಡ್ಡಿಗೆ ಕೊಡುತ್ತೇವೆ ಎನ್ನುವವರೂ ಇದ್ದಾರೆ. ಆ ಹತ್ತು ಸಾವಿರ ಹೆಸರುಗಳಲ್ಲಿ ಒಂದಾದರೂ ಮಿಠಾಯಿ ತಿನ್ನುವ ಬಾಯಿ ಇರುತ್ತದೆಯೆಂದು ನಂಬಬೇಡಿ.

ನಾವು ಕೊಳ್ಳುವವರೂ ಹೌದಲ್ಲ

ಮಾರುವವರಿಗಷ್ಟೇ ಅಲ್ಲ, ಕೊಳ್ಳುವವರಿಗೂ ಈ ಶಬ್ದಗಳು ಬೇಕು. ಒಂದು ದಿನ ಗ್ರೈಂಡರ್ ಬೆಲೆ ನೋಡಿದಿರಿ, ಆಮೇಲೆ ಹದಿನೈದು ದಿನ ತೆರೆದಲ್ಲೆಲ್ಲ ಗ್ರೈಂಡರೇ! ಇದು ರೀಟಾರ್ಗೆಟಿಂಗ್. ನೀವು ನೋಡಿ ಹೋದ ಗುರುತನ್ನು ಕುಕ್ಕಿ ಎಂಬ ಸಣ್ಣ ಚೀಟಿಯಲ್ಲಿ ಬರೆದಿಟ್ಟುಕೊಂಡು ಬೆನ್ನು ಹತ್ತುವುದು.

ಇನ್ನು ಇನ್‌ಫ್ಲುಯೆನ್ಸರ್. ಇನ್‌ಸ್ಟಾಗ್ರಾಂ, ಯೂಟ್ಯೂಬಿನಲ್ಲಿ ಬಹಳ ಜನ ಹಿಂಬಾಲಿಸುವ ವ್ಯಕ್ತಿ. “ನಾನು ದಿನಾ ಇದೇ ಕ್ರೀಮ್ ಹಚ್ಚೋದು” ಎಂದು ಆಕೆ ಹೇಳಿದಾಗ ಕಂಪನಿಯಿಂದ ದುಡ್ಡೋ ಉಡುಗೊರೆಯೋ ಬಂದಿರಬಹುದು. ಹಾಗಿದ್ದರೆ ಅದನ್ನು ಎದ್ದು ಕಾಣುವಂತೆ ತಿಳಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡಿತು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆಯೂ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ‘ಜಾಹೀರಾತು’, ‘ಪ್ರಾಯೋಜಿತ’ ಎಂಬ ಮಾತು ಮೂಲೆಯಲ್ಲೆಲ್ಲಾದರೂ ಇದೆಯೇ ಎಂದು ಹುಡುಕಿ, ಆಮೇಲೆ ಕ್ರೀಮಿನ ಮಾತು.

ಹೆಸರು ಮಾಡುವ ಆಸೆ ಇವತ್ತಿನದೇನಲ್ಲ ಬಿಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಗುಡಿಯಲ್ಲಿ ಶಿಲ್ಪಿಗಳು ತಾವು ಕಡೆದ ಮದನಿಕೆಯರ ಅಡಿಯಲ್ಲೇ ಹೆಸರು, ಊರು ಕೆತ್ತಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹಾಗೆ ನಮಗೆ ಗೊತ್ತಾದವರು. ಬೊಂಬೆಗೂ ಹೆಸರಿಗೂ ಒಂದಡಿಯ ಅಂತರವಿಲ್ಲ, ಯಾರದೆಂದು ಕೇಳಬೇಕಾಗಿಯೇ ಇಲ್ಲ. ಜಕಣಾಚಾರಿಯ ಹೆಸರು ಅಲ್ಲಿನ ಶಾಸನಗಳಲ್ಲಿಲ್ಲ, ಜನರ ಬಾಯಲ್ಲಿ ಮಾತ್ರ ಇದೆ. ಆದರೂ ದಾಸೋಜನಿಗಿಂತ ಅವನೇ ಪ್ರಸಿದ್ಧ! ಈಗಿನವರು ವೈರಲ್ ಅನ್ನುವುದು ಇದನ್ನೇ ತಾನೆ? ನಿಮ್ಮ ಡಬ್ಬಿಯ ಮೇಲೂ ಹೆಸರು, ಊರು, ಫೋನು ಅಚ್ಚಾಗಿರಲಿ. ತಿನ್ನುವ ಪದಾರ್ಥವಾದರೆ ಎಫ್.ಎಸ್.ಎಸ್.ಎ.ಐ. ನೋಂದಣಿ ಸಂಖ್ಯೆಯೂ ಇರಲೇಬೇಕು.

ಮೋಸದ ಮಾತು ಒಂದೆರಡು. ಕೋಣೆ ಬುಕ್ ಮಾಡುತ್ತೇನೆ, ನೂರು ಡಬ್ಬಿ ಬೇಕು ಅಂತ ಹೇಳಿ, “ಮುಂಗಡ ಕಳಿಸಿದೀನಿ, ಪಿನ್ ಒತ್ತಿ ತಗೊಳ್ಳಿ” ಎನ್ನುವವರಿದ್ದಾರೆ. ಹಣ ಬರಲು ಯು.ಪಿ.ಐ. ಪಿನ್ ಎಂದೂ ಬೇಕಾಗುವುದಿಲ್ಲ, ಹೋಗಲು ಮಾತ್ರ ಬೇಕು. ಪೇಜಿನ ಪಾಸ್‌ವರ್ಡ್, ಓ.ಟಿ.ಪಿ.ಗಳನ್ನು ‘ಎಸ್.ಇ.ಓ. ಮಾಡ್ಲಿಕ್ಕೆ’ ಅಂತ ಕೇಳಿದರೂ ಕೊಡಬೇಡಿ. ಪಾಸ್‌ವರ್ಡ್ ಕೊಡದೆಯೇ ಬೇರೆಯವರಿಗೆ ಕೆಲಸ ಒಪ್ಪಿಸುವ ಅನುಕೂಲ ಆ ಪೇಜಿನಲ್ಲೇ ಇರುತ್ತದೆ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಅಟ್ರಿಬ್ಯೂಷನ್ ಎಂಬ ಶಬ್ದವೊಂದು ಉಳಿಯಿತು. ಗಿರಾಕಿ ಯಾವ ದಾರಿಯಿಂದ ಬಂದರೆಂದು ಪತ್ತೆ ಹಚ್ಚುವುದು. ದೊಡ್ಡ ಕಂಪನಿಗಳು ಇದಕ್ಕೆ ಲಕ್ಷಗಟ್ಟಲೆ ಸುರಿಯುತ್ತವೆ. ನಮಗೆ ಕ್ಯಾಲೆಂಡರಿನ ಹಿಂಬದಿ ಸಾಕು. ಹೊಸಬರು ಫೋನು ಮಾಡಿದಾಗ “ನಮ್ಮ ವಿಷಯ ಎಲ್ಲಿ ತಿಳೀತು?” ಅಂತ ಒಂದು ಮಾತು ಕೇಳಿ, ಗೂಗಲ್, ಫೇಸ್‌ಬುಕ್, ನೆಂಟರು, ಡಬ್ಬಿಯ ಚೀಟಿ ಎಂದು ನಾಲ್ಕು ಗೆರೆ ಎಳೆದು ಹಾಲಿನ ಲೆಕ್ಕದ ಹಾಗೆ ಗೀಟು ಹಾಕುತ್ತ ಬನ್ನಿ. ಮೂರು ತಿಂಗಳ ಗೀಟು ಎಣಿಸಿದ ಮೇಲೆ ಆ ಹುಡುಗನ ಫೋನಿಗೆ ಉತ್ತರ ಕೊಟ್ಟರಾಯಿತು.